ಮಳೆಗಾಲದ ಮನೆ: ಬೆಚ್ಚಗಿರಲಿ, ಉಸಿರೂ ಆಡಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಕಟ್ಟಿದ ಮನೆಯಲ್ಲಿ ಮಲೆನಾಡಿನ ಒಂದು ಮಳೆಗಾಲ ಕಳೆದು ನೋಡು ಎಂಬುದನ್ನೂ ಅದಕ್ಕೆ ಸೇರಿಸಿದರೆ ತಪ್ಪಾಗಲಾರದು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ. ಇದೇ ದಿನಗಳಲ್ಲಿ ಮನೆಯ ಹಿರಿಯರಿಗೆ ಕೆಮ್ಮು, ಮಕ್ಕಳಿಗೆ ಉಬ್ಬಸ, ಅಡಿಗೆಮನೆಯಲ್ಲಿರುವವರಿಗೆ ಎದೆ ಬಿಗಿತ ಕಾಣಿಸಿಕೊಳ್ಳುವುದನ್ನೂ ನಾವು ಬಲ್ಲೆವು.

ಇತ್ತೀಚಿನ ವರ್ಷಗಳಲ್ಲಿ ಮನೆ ದುರಸ್ತಿಯ ವಿಚಾರವಾಗಿ ಸಂಘಕ್ಕೆ ಬರುವ ಸದಸ್ಯರು ಒಂದೇ ಬಗೆಯ ಪ್ರಶ್ನೆ ಕೇಳುತ್ತಿದ್ದಾರೆ. ಶೀಟಿನ ಕೆಳಗೆ ಥರ್ಮೋಕೋಲ್ ಹಾಕಿಸಬಹುದೇ? ಮಳೆ ಹೊಡೆಯುವ ಗೋಡೆಗೆ ಪ್ಲಾಸ್ಟಿಕ್ ಹೊದಿಸಬಹುದೇ? ಕಿಟಕಿಯ ಸಂದುಗಳನ್ನು ಮುಚ್ಚಿಬಿಟ್ಟರೆ ಚಳಿ ತಡೆಯುವುದೇ? ಮನೆಯ ಶಾಖ ಹೊರಹೋಗದಂತೆ ಮಾಡುವ ಈ ಏರ್ಪಾಡಿಗೆ ಎಂಜಿನಿಯರುಗಳು ಇನ್ಸುಲೇಷನ್ ಎನ್ನುತ್ತಾರೆ. ನಾವು ಇದನ್ನು ಹೊದಿಕೆ ಎಂದೇ ಕರೆಯೋಣ. ಹೊದಿಕೆ ಒಳ್ಳೆಯದೇ. ಆದರೆ ಮನೆಯೊಳಗಿನ ತೇವ ಮತ್ತು ಹೊಗೆಗೆ ಹೊರಹೋಗುವ ದಾರಿ ಮಾಡದೆ ಹೊದಿಕೆಯನ್ನಷ್ಟೇ ಹಾಕಿದರೆ ಮನೆ ಬೆಚ್ಚಗಾಗಿ ಶ್ವಾಸಕೋಶ ಕೆಡುತ್ತದೆ. ಈ ಲೇಖನದ ಸಾರ ಇಷ್ಟೇ. ಅದು ಏಕೆ, ಹೇಗೆ ಎಂಬುದನ್ನು ಮುಂದೆ ವಿವರಿಸಿದ್ದೇವೆ.

ಹಳೆಯ ಮನೆ, ಹೊಸ ಮನೆ

ನಮ್ಮ ಹಿರಿಯರ ಮನೆಗಳಿಗೆ ದಪ್ಪನೆಯ ಮಣ್ಣಿನ ಗೋಡೆ, ಅಗಲವಾದ ಸೂರು, ಮೇಲೆ ಹಲಗೆಯ ಅಟ್ಟ ಇದ್ದವು. ಮಳೆಗಾಲಕ್ಕೆ ಮೊದಲು ಗೋಡೆಯ ಹೊರಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಟ್ಟದ ಮೇಲಿನ ಹುಲ್ಲು, ಧಾನ್ಯ, ಅಡಿಕೆ ಎಲ್ಲವೂ ಮನೆಗೆ ಒಂದು ಬಗೆಯ ಕಂಬಳಿಯಾಗಿದ್ದವು. ಹೆಂಚಿನ ಸಂದುಗಳ ಮೂಲಕ ಗಾಳಿ ಸದಾ ಆಡುತ್ತಿತ್ತು. ಒಲೆಯ ಬಿಸಿ ಮೇಲೇರಿ ಅಟ್ಟವನ್ನು ಒಣಗಿಸಿ, ತೇವವನ್ನು ಹೊತ್ತುಕೊಂಡು ಹೋಗುತ್ತಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೇಳುವಂತಿಲ್ಲ. ಹೊಗೆ ಅಟ್ಟವನ್ನು ತಲುಪುವ ಮೊದಲು ಒಲೆಯ ಮುಂದೆ ಕುಳಿತವರ ಕಣ್ಣು, ಮೂಗು, ಎದೆಯನ್ನು ಹಾದುಹೋಗುತ್ತಿತ್ತು. ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಅವರು ೧೯೮೦ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳ ಅಡಿಗೆಮನೆಗಳಲ್ಲಿ ಹೊಗೆಯನ್ನು ಅಳೆದು, ೧೯೮೩ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ನಗರದ ಹೊಗೆಯನ್ನಷ್ಟೇ ಮಾಲಿನ್ಯವೆಂದು ಎಣಿಸುತ್ತಿದ್ದ ಜಗತ್ತು ಹಳ್ಳಿಯ ಒಲೆಯ ಕಡೆಗೂ ತಿರುಗಿ ನೋಡಿತು. ಮನೆಯೊಳಗಿನ ಒಲೆಯ ಮಾಲಿನ್ಯದಿಂದ ೨೦೨೦ರಲ್ಲಿ ಜಗತ್ತಿನಾದ್ಯಂತ ಸುಮಾರು ೩೨ ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈಗಿನ ಮನೆಗಳ ಕಥೆಯೇ ಬೇರೆ. ಕಾಂಕ್ರೀಟ್ ತಾರಸಿ, ಸಿಮೆಂಟ್ ಗೋಡೆ, ಗಾಜಿನ ಸರಿಯುವ ಕಿಟಕಿ, ಹೊರಗೆ ಬಿಗಿಯಾಗಿ ಹೊಡೆದ ನೀಲಿ ಟಾರ್ಪಾಲು. ಹಳೆಯ ಮನೆಯಲ್ಲಿ ಗಾಳಿ ಕೇಳದೆಯೇ ಬರುತ್ತಿತ್ತು. ಹೊಸ ಮನೆಯಲ್ಲಿ ಅದನ್ನು ಕರೆಯಬೇಕಾಗಿದೆ.

ತೇವದ ಲೆಕ್ಕ

ನಾವು ಬೆಳೆಗಾರರು ತೇವಾಂಶದ ಲೆಕ್ಕ ಬಲ್ಲವರು. ಚೆರಿ ಕಾಫಿಯ ತೇವ ಶೇಕಡಾ ೧೧ರ ಆಸುಪಾಸಿಗೆ ಇಳಿಯುವ ತನಕ ಯಾರೂ ಮೂಟೆ ಕಟ್ಟಿ ಗೋದಾಮಿನ ಬಾಗಿಲು ಹಾಕುವುದಿಲ್ಲ. ಹಾಕಿದರೆ ಬೂಷ್ಟು ಬರುವುದು ಗೊತ್ತು. ಮನೆಗೂ ಇದೇ ನಿಯಮ ಅನ್ವಯಿಸುತ್ತದೆ.

ಮಲಗಿದ ಮನುಷ್ಯನೊಬ್ಬ ಉಸಿರು ಮತ್ತು ಬೆವರಿನ ಮೂಲಕ ಗಂಟೆಗೆ ಸುಮಾರು ೪೦ ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ನಾಲ್ವರು ಎಂಟು ಗಂಟೆ ಮಲಗಿದರೆ ಅದು ಒಂದೂಕಾಲು ಲೀಟರಿಗೂ ಮೇಲಾಯಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿ ಸುಮಾರು ೨೫ ಘನ ಮೀಟರ್. ೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಹೊರಬಲ್ಲ ನೀರು ಹೆಚ್ಚೆಂದರೆ ೧೭ ಗ್ರಾಂ. ಅಂದರೆ ಇಡೀ ಕೋಣೆಯ ಗಾಳಿ ಅರ್ಧ ಲೀಟರ್ ನೀರನ್ನೂ ಹಿಡಿಯಲಾರದು. ಉಳಿದ ನೀರು ಎಲ್ಲಿಗೆ ಹೋಗಬೇಕು? ಸಂದುಗಳಿದ್ದರೆ ಹೊರಗೆ. ಇಲ್ಲವಾದರೆ ಗೋಡೆಗೆ, ಹಾಸಿಗೆಗೆ, ಶೀಟಿಗೆ. ಇದರ ಮೇಲೆ ಒಳಗೆ ಒಣಹಾಕಿದ ಬಟ್ಟೆ, ಅನ್ನ ಬೇಯಿಸಿದ ಆವಿ, ಬಚ್ಚಲಿನ ಹಬೆ ಸೇರುತ್ತವೆ.

ಗಾಳಿ ತಣ್ಣಗಾದಷ್ಟೂ ಅದರ ನೀರು ಹೊರುವ ಶಕ್ತಿ ಕುಗ್ಗುತ್ತದೆ. ೧೦ ಡಿಗ್ರಿಯಲ್ಲಿ ಅದು ೯ ಗ್ರಾಂಗಿಂತ ತುಸು ಹೆಚ್ಚು ಮಾತ್ರ. ಬೆಚ್ಚನೆಯ ಒಳಗಾಳಿ ತಣ್ಣನೆಯ ಜಿಂಕ್ ಶೀಟನ್ನು ಮುಟ್ಟಿದೊಡನೆ ಹನಿಯಾಗುವುದು ಇದರಿಂದಲೇ. ಬೆಳಗಿನ ಜಾವ ಹಾಸಿಗೆಯ ಮೇಲೆ ಬೀಳುವ ಹನಿಯನ್ನು ಕಂಡು ಶೀಟು ಸೋರುತ್ತಿದೆ ಎಂದು ಹಲವರು ಡಾಂಬರು ಬಳಿಸುತ್ತಾರೆ. ಸೋರುತ್ತಿರುವುದು ಮಳೆಯಲ್ಲ, ನಮ್ಮದೇ ಉಸಿರು.

ಗೋಡೆಯ ಮೇಲ್ಮೈಯ ತೇವಾಂಶ ಶೇಕಡಾ ೮೦ ದಾಟಿ ಹಲವು ದಿನ ನಿಂತರೆ ಬೂಷ್ಟು ಬೆಳೆಯುತ್ತದೆ. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ಹೆಚ್ಚುತ್ತವೆ. ಬೂಷ್ಟಿನ ಬೀಜಕಣಗಳೂ ಈ ಹುಳುಗಳ ಹಿಕ್ಕೆಯೂ ಉಸಿರಿನೊಡನೆ ಒಳಹೋಗಿ ಆಸ್ತಮಾ ಇರುವವರನ್ನು ಕೆರಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು. ಇಷ್ಟು ಬೂಷ್ಟು ಇದ್ದರೆ ಪರವಾಗಿಲ್ಲ ಎಂಬ ಮಿತಿಯನ್ನು ಅದು ಹೇಳಿಲ್ಲ. ತೇವವನ್ನೇ ತಡೆಯಿರಿ ಎಂದಿದೆ.

ನ್ಯೂಜಿಲೆಂಡಿನ ಪಾಠ

ಹೊದಿಕೆ ಹಾಕಿದರೆ ಉಸಿರಾಟಕ್ಕೆ ನಿಜವಾಗಿ ಅನುಕೂಲವಾಗುವುದೇ? ಇದನ್ನು ಜನರ ಮನೆಗಳಲ್ಲೇ ಪರೀಕ್ಷಿಸಿ ನೋಡಿದ ದೇಶ ನ್ಯೂಜಿಲೆಂಡ್. ಅಲ್ಲಿಯೂ ಮಳೆ ಹೆಚ್ಚು, ಮರದ ಮನೆಗಳು ಹೆಚ್ಚು. ಹೊಸ ಮನೆಗಳಿಗೆ ಹೊದಿಕೆ ಕಡ್ಡಾಯವಾದದ್ದು ೧೯೭೮ರಲ್ಲಿ. ಅದಕ್ಕೂ ಹಿಂದಿನ ಮನೆಗಳು ಚಳಿಗಾಲದಲ್ಲಿ ತಣ್ಣಗೆ, ತೇವವಾಗಿ ಇರುತ್ತಿದ್ದವು.

ಫಿಲಿಪಾ ಹೌಡನ್-ಚಾಪ್ಮನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಬಡ ಬಡಾವಣೆಗಳ ೧,೩೫೦ ಮನೆಗಳನ್ನು ಆರಿಸಿಕೊಂಡರು. ಪ್ರತಿ ಮನೆಯಲ್ಲಿಯೂ ಉಸಿರಾಟದ ತೊಂದರೆ ಇದ್ದವರೊಬ್ಬರಾದರೂ ಇದ್ದರು. ಚೀಟಿ ಎತ್ತಿದಂತೆ ಅರ್ಧದಷ್ಟು ಮನೆಗಳಿಗೆ ಮೊದಲು ಹೊದಿಕೆ ಹಾಕಿದರು. ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಹಾಕಿಕೊಟ್ಟರು. ಮಾಡಿದ ಕೆಲಸ ದೊಡ್ಡದೇನಲ್ಲ: ಮಾಡಿನ ಕೆಳಗೆ ಹೊದಿಕೆ, ಕಿಟಕಿ ಬಾಗಿಲುಗಳ ಸಂದಿಗೆ ಪಟ್ಟಿ, ಹಲಗೆಯ ನೆಲದ ಅಡಿಗೆ ಶಾಖ ತಡೆಯುವ ಕಾಗದ, ಅದರ ಕೆಳಗಿನ ಮಣ್ಣಿನ ಮೇಲೆ ತೇವ ಏಳದಂತೆ ಪಾಲಿಥೀನ್ ಹಾಳೆ.

ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು. ಮಲಗುವ ಕೋಣೆಯ ಶಾಖ ಏರಿದ್ದು ಅರ್ಧ ಡಿಗ್ರಿ ಮಾತ್ರ. ತೇವಾಂಶ ಇಳಿದದ್ದು ಶೇಕಡಾ ೨.೩ರಷ್ಟು. ಇಷ್ಟಕ್ಕೆ ಇಷ್ಟೆಲ್ಲ ಏಕೆ ಎನ್ನಬೇಡಿ. ಅಷ್ಟರಿಂದಲೇ ಉಬ್ಬಸ ಗಣನೀಯವಾಗಿ ತಗ್ಗಿತ್ತು. ಮಕ್ಕಳು ಶಾಲೆಗೆ ತಪ್ಪಿಸಿಕೊಳ್ಳುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ದೊಡ್ಡವರು ಕೆಲಸಕ್ಕೆ ರಜೆ ಹಾಕುವುದೂ ಕಡಿಮೆಯಾಗಿತ್ತು. ಇಂಧನದ ಖರ್ಚು ಹೊದಿಕೆಯಿಲ್ಲದ ಮನೆಗಳ ಶೇಕಡಾ ೮೧ರಷ್ಟಿತ್ತು.

ಅಲ್ಲಿಗೇ ಅವರು ನಿಲ್ಲಲಿಲ್ಲ. ಹೊದಿಕೆ ಹಾಕಿದ ಮನೆಗಳಲ್ಲಿ ಆಸ್ತಮಾ ಇರುವ ೪೦೯ ಮಕ್ಕಳನ್ನು ಆರಿಸಿ, ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರು ಮೊದಲಾದವುಗಳ ಬದಲಿಗೆ ಹೊಲಸು ಅನಿಲವನ್ನು ಕೋಣೆಗೆ ಬಿಡದ ಹೀಟರುಗಳನ್ನು ಕೊಟ್ಟು ನೋಡಿದರು. ೨೦೦೮ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೋಣೆಯ ನೈಟ್ರೋಜನ್ ಡೈಆಕ್ಸೈಡ್ ಅನಿಲ ಸುಮಾರು ಅರ್ಧಕ್ಕೆ ಇಳಿದಿತ್ತು. ಯಂತ್ರದಲ್ಲಿ ಊದಿಸಿ ಅಳೆದ ಶ್ವಾಸಕೋಶದ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಕ್ಕಳ ಕೆಮ್ಮು, ಉಬ್ಬಸ ಮತ್ತು ಶಾಲೆ ತಪ್ಪುವುದು ಕಡಿಮೆಯಾದವು. ೨೦೧೯ರಲ್ಲಿ ಆ ದೇಶ ಬಾಡಿಗೆ ಮನೆಗಳಿಗೆ ಕಡ್ಡಾಯ ಮಾಡಿದ ನಿಯಮಗಳಲ್ಲಿ ಹೊದಿಕೆಯ ಜೊತೆಗೆ ಕಾಯಿಸುವ ವ್ಯವಸ್ಥೆ, ಗಾಳಿ ಸಂಚಾರ, ತೇವ ತಡೆ ಮತ್ತು ಚರಂಡಿ, ಸಂದು ಮುಚ್ಚುವಿಕೆ ಎಲ್ಲವೂ ಒಟ್ಟಿಗೇ ಇವೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಬರೀ ಮುಚ್ಚಿದರೆ

೧೯೭೩ರ ತೈಲ ಬಿಕ್ಕಟ್ಟಿನ ತರುವಾಯ ಅಮೆರಿಕ, ಕೆನಡಾ, ಯೂರೋಪಿನಲ್ಲಿ ಶಾಖ ಉಳಿಸುವ ಆತುರದಲ್ಲಿ ಮನೆಗಳನ್ನು ಬಿಗಿಯಾಗಿ ಮುಚ್ಚತೊಡಗಿದರು. ಗೋಡೆಗಳೊಳಗೆ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ನೊರೆಯನ್ನು ತುಂಬಿಸಿದರು. ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಹೊರಬಂದು ಕಣ್ಣುರಿ, ಗಂಟಲುರಿ, ಉಸಿರಾಟದ ತೊಂದರೆಗಳ ದೂರುಗಳೆದ್ದವು. ಕೆನಡಾ ೧೯೮೦ರಲ್ಲಿ ಅದನ್ನು ನಿಷೇಧಿಸಿತು. ಹೊದಿಕೆಯ ವಸ್ತುವೇ ಗಾಳಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ನಮ್ಮಲ್ಲಿ ಇದಕ್ಕಿಂತ ತುರ್ತಾದ ಅಪಾಯ ಕೆಂಡದ್ದು. ಚಳಿಗೆಂದು ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಅದರ ಲಕ್ಷಣಗಳು. ನಿದ್ದೆಯಲ್ಲಿರುವವನಿಗೆ ಇವು ತಿಳಿಯುವುದೇ ಇಲ್ಲ. ಸೋರುವ ಹಳೆಯ ಮನೆಯಲ್ಲಿ ಹೇಗೋ ಪಾರಾದ ಅಭ್ಯಾಸ, ಮುಚ್ಚಿದ ಹೊಸ ಕೋಣೆಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಹಾಕಿದ ಗ್ಯಾಸ್ ಗೀಸರಿಗೂ, ಮನೆಯೊಳಗೆ ಓಡಿಸುವ ಜನರೇಟರಿಗೂ ಇದೇ ಮಾತು ಸಲ್ಲುತ್ತದೆ.

ನಮ್ಮ ಮಳೆಗೆ ಹೊಂದಿಸಿಕೊಳ್ಳಬೇಕು

ನ್ಯೂಜಿಲೆಂಡಿನ ಪಾಠವನ್ನು ನಾವು ಹಾಗೆಯೇ ನಕಲು ಮಾಡಲಾಗದು. ಅಲ್ಲಿನ ಚಳಿಗಾಲದ ೮ ಡಿಗ್ರಿಯ ತೋಯ್ದ ಗಾಳಿ ಒಳಗೆ ಬಂದು ೧೮ ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇಕಡಾ ೫೫ರ ಆಸುಪಾಸಿಗೆ ಇಳಿಯುತ್ತದೆ. ಕಿಟಕಿ ತೆರೆದರೆ ಮನೆ ಒಣಗುತ್ತದೆ. ನಮ್ಮ ಜುಲೈ ತಿಂಗಳ ೧೮ ಡಿಗ್ರಿಯ ತೋಯ್ದ ಗಾಳಿ ಒಳಗೆ ೨೪ ಡಿಗ್ರಿಗೆ ಏರಿದರೂ ತೇವಾಂಶ ಶೇಕಡಾ ೭೦ರ ಸುಮಾರಿನಲ್ಲೇ ನಿಲ್ಲುತ್ತದೆ. ಮಂಜು ಮುಸುಕಿದ ದಿನ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟರೆ ಹಾಸಿಗೆ ಇನ್ನಷ್ಟು ತಣ್ಣಗಾಗುತ್ತದೆ. ಆದುದರಿಂದ ನಮ್ಮಲ್ಲಿ ತೇವವನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿದು ಹೊರಗೆ ಕಳಿಸುವುದು, ಮಳೆ ಬಿಟ್ಟ ಹೊತ್ತಿನಲ್ಲಿ ಗಾಳಿಯಾಡಿಸುವುದು, ಒಳಮೈಗಳನ್ನು ಬೆಚ್ಚಗಿಡುವುದು ಸರಿಯಾದ ಕ್ರಮ.

ಬೆಳೆಗಾರ ಬಂಧುಗಳು ಮುಂದಿನ ಮಳೆಗೆ ಮುನ್ನ ಈ ಕೆಳಗಿನ ಕೆಲಸಗಳನ್ನು ಕೈಗೊಳ್ಳುವುದು ಲೇಸು.

೧. ಮೊದಲು ನೀರು. ಸೂರಿನ ನೀರು ತಳಪಾಯಕ್ಕೆ ಇಳಿಯದಂತೆ ಮನೆಯ ಸುತ್ತ ಚರಂಡಿ ತೆಗೆಯಿಸಿ. ಒಡೆದ ಹೆಂಚು, ಸೋರುವ ದೋಣಿ ಸರಿಪಡಿಸಿ. ಒದ್ದೆ ಗೋಡೆಗೆ ಹೊದಿಕೆ ಹಾಕುವುದು ಒದ್ದೆ ಮೂಟೆಯನ್ನು ಹೊಲಿದಂತೆ.

೨. ಶೀಟಿನ ಮನೆಗೆ ಕೆಳಗೊಂದು ಒಳಮಾಡು ಹಾಕಿಸಿ. ಬಿದಿರಿನ ಚಾಪೆಯಾಗಲಿ ಹಲಗೆಯಾಗಲಿ ಸಾಕು. ಶೀಟಿಗೂ ಒಳಮಾಡಿಗೂ ನಡುವೆ ತೆರಪು ಇರಲಿ. ಎರಡೂ ತುದಿಯ ತ್ರಿಕೋನದ ಗೋಡೆಯಲ್ಲಿ ಜಾಲರಿ ಹಾಕಿದ ಗಾಳಿಕಂಡಿ ಇರಲಿ. ಥರ್ಮೋಕೋಲನ್ನು ಅಡಿಗೆಮನೆಯ ಮೇಲೆ, ಒಲೆಯ ಬಳಿ ಬಳಸಕೂಡದು. ಅದು ಬೇಗ ಹೊತ್ತಿಕೊಂಡು ಕಪ್ಪು ವಿಷಹೊಗೆ ಕಾರುತ್ತದೆ.

೩. ಗೋಡೆಯ ಹೊರಗಿನ ಟಾರ್ಪಾಲನ್ನು ಗೋಡೆಗೆ ಅಂಟಿಸಿ ಹೊಡೆಯಬೇಡಿ. ಹಿಂದಿನ ಸೋಗೆ ತಟ್ಟಿಯಂತೆ ಗಳುವಿನ ಮೇಲೆ ಕಟ್ಟಿ, ಅಂಗೈಯಷ್ಟು ತೆರಪು ಬಿಡಿ. ಮೇಲೂ ಕೆಳಗೂ ಗಾಳಿ ಹೋಗಿಬರಲಿ.

೪. ಸೌದೆ ಒಲೆಗೆ ಹೊಗೆಕೊಳವೆ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಘಟಕದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಲವು ಮನೆಗಳಿಗೆ ಬಂದದ್ದು ಹಿರಿಯ ಸದಸ್ಯರಿಗೆ ನೆನಪಿದ್ದೀತು. ಒಲೆ ಉಳಿದ ಕಡೆಯೂ ಕೊಳವೆಯಲ್ಲಿ ಮಸಿ ಕಟ್ಟಿ ಹೊಗೆ ಹಿಂದಿರುಗುವುದುಂಟು. ಕೊಳವೆಯನ್ನು ಆಗಾಗ ಕೆರೆಯಿಸಿ. ಅದು ಮಾಡಿನ ನೆತ್ತಿಗಿಂತ ಮೇಲೆ ಇರಲಿ. ಸೂರಿನ ಕೆಳಗೆ ನಿಂತ ಕೊಳವೆ ಹೊಗೆಯನ್ನು ಕಿಟಕಿಗೇ ತಂದುಕೊಡುತ್ತದೆ. ಸೌದೆಯನ್ನು ಬೇಸಿಗೆಯಲ್ಲೇ ಒಣಗಿಸಿಡಿ. ಗ್ಯಾಸ್ ಒಲೆ ಇದ್ದರೂ ಅಡಿಗೆಮನೆಯ ಕಿಟಕಿ ಮುಚ್ಚಬೇಡಿ.

೫. ಮಲಗುವ ಕೋಣೆಗೆ ಕೆಂಡ ಬೇಡ. ಈ ಒಂದು ಮಾತಿಗೆ ವಿನಾಯಿತಿ ಇಲ್ಲ. ಯಾರಿಗಾದರೂ ಮಂಪರು ಕವಿದುದು ಕಂಡರೆ ತಕ್ಷಣ ಹೊರಗಿನ ಗಾಳಿಗೆ ಒಯ್ದು ಆಸ್ಪತ್ರೆಗೆ ಸೇರಿಸಿ.

೬. ಒದ್ದೆ ಬಟ್ಟೆ, ಗೋಣಿ, ಕಂಬಳಿಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಹಂಡೆ ಒಲೆಯ ಬಳಿ, ಹೊರಗೆ ಬಾಗಿಲಿರುವ ಬಚ್ಚಲು ಕೊಟ್ಟಿಗೆ ಅದಕ್ಕೆ ತಕ್ಕ ಜಾಗ.

೭. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ತೆರೆಯಿರಿ. ರಾತ್ರಿ ಕಿಟಕಿ ಹಾಕಿದರೂ ಮೇಲಿನ ಗಾಳಿಕಂಡಿ ತೆರೆದಿರಲಿ. ಮಂಚ, ಬೀರುಗಳನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.

೮. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ. ಒರೆಸುವಾಗ ಮೂಗಿಗೆ ಮಾಸ್ಕ್ ಇರಲಿ. ಬೂಷ್ಟು ಹಿಡಿದ ಹುಲ್ಲಿನ ಧೂಳು ಶ್ವಾಸಕೋಶವನ್ನು ಊದಿಸುವ ರೋಗವನ್ನು ಇಂಗ್ಲೆಂಡಿನಲ್ಲಿ ೧೯೩೨ರಲ್ಲೇ ಗುರುತಿಸಿದ್ದರು. ಅದಕ್ಕೆ ರೈತನ ಶ್ವಾಸಕೋಶ ಎಂದೇ ಹೆಸರು. ಹಳೆಯ ಹುಲ್ಲು, ಗೋಣಿ, ಅಡಿಕೆ ಸಿಪ್ಪೆಗಳ ರಾಶಿಯನ್ನು ಮಲಗುವ ಕೋಣೆಯ ಮಗ್ಗುಲಲ್ಲಿ ಇಡಬೇಡಿ. ಮೈಲುತುತ್ತ, ಕೀಟನಾಶಕಗಳಿಗಂತೂ ಮನೆಯೊಳಗೆ ಸ್ಥಳವೇ ಇಲ್ಲ.

೯. ಆಸ್ಬೆಸ್ಟಾಸ್ ಸಿಮೆಂಟ್ ಶೀಟನ್ನು ಒಣಗಿದ್ದಾಗ ಕೊಯ್ಯುವುದು, ಕೊರೆಯುವುದು, ಉಜ್ಜುವುದು ಬೇಡ. ಅದರ ಎಳೆಯಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಬದಲಿಸುವಾಗ ನೀರು ಹಾಕಿ ತೋಯಿಸಿ, ಒಡೆಯದೆ ಇಳಿಸಬೇಕು.

ಲೈನ್ ಮನೆಗಳ ಮಾತು

ಇಷ್ಟೂ ಹೇಳಿದ್ದು ನಮ್ಮ ಮನೆಗಳಿಗೆ. ನಮ್ಮ ತೋಟದ ಲೈನ್ ಮನೆಗಳಿಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಒಂದೇ ಕೋಣೆ, ತಲೆಯ ಮೇಲೆ ಬರೀ ಶೀಟು, ಮೂಲೆಯಲ್ಲಿ ಒಲೆ, ಅಲ್ಲೇ ಒದ್ದೆ ಕಂಬಳಿ, ಐದಾರು ಜನರ ನಿದ್ದೆ. ಮೇಲೆ ಹೇಳಿದ ಎಲ್ಲ ಕೇಡುಗಳೂ ಅಲ್ಲಿ ಒಟ್ಟಿಗಿವೆ. ಕ್ಷಯರೋಗವೂ ಹರಡುವುದು ಇಂಥ ಗಾಳಿಯಾಡದ, ಕಿಕ್ಕಿರಿದ ಕೋಣೆಗಳಲ್ಲೇ. ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಕಳಿಸುವುದು ಮಾಲೀಕನ ಕರ್ತವ್ಯವೆಂದೇ ತಿಳಿಯಬೇಕು.

ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ೨೦೨೦ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟಿನ ಬಗ್ಗೆ ತಂದೆ ದೂರಿದಾಗ, ಅದರ ಮೇಲೆ ಬಣ್ಣ ಬಳಿಯಿರೆಂಬ ಉತ್ತರ ಬಂದಿತ್ತು. ಬೂಷ್ಟಿನ ನಡುವೆ ಬಹುಕಾಲ ಬಾಳಿದ್ದರಿಂದಲೇ ಮಗುವಿನ ಶ್ವಾಸ ಕೆಟ್ಟು ಸಾವು ಬಂತೆಂದು ೨೦೨೨ರ ನವೆಂಬರಿನಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. ಮರುವರ್ಷ ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಲೈನ್ ಮನೆಯ ಗೋಡೆ ಕಪ್ಪಾಗಿದೆ ಎಂದು ಆಳು ಬಂದು ಹೇಳಿದಾಗ ಸುಣ್ಣ ಹೊಡೆಯಿರಿ ಎಂದು ಹೇಳಿ ಕಳಿಸುವುದು ನಮ್ಮಲ್ಲಿ ಅಪರೂಪವೇನಲ್ಲ. ಸುಣ್ಣದ ಅಡಿಯಲ್ಲಿ ತೇವ ಹಾಗೆಯೇ ಇರುತ್ತದೆ.

೧೯೫೧ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ವಸತಿಯ ಹೊಣೆಯನ್ನು ಹೊರಿಸಿತ್ತು. ಚಿಕ್ಕ ಹಿಡುವಳಿಯ ನಮ್ಮಲ್ಲನೇಕರು ಅದರ ವ್ಯಾಪ್ತಿಗೆ ಬಂದವರಲ್ಲ. ಆದರೆ ನಮ್ಮ ತೋಟದಲ್ಲಿ ಮಲಗುವವರ ಉಸಿರು ಕಾಯ್ದೆಯ ಎಕರೆ ಲೆಕ್ಕ ನೋಡಿ ಆಡುವುದಿಲ್ಲ. ಒಳಮಾಡಿಗೆ ನಾಲ್ಕು ಬಿದಿರು ಚಾಪೆ, ಒಂದು ಹೊಗೆಕೊಳವೆ, ಎರಡು ಗಾಳಿಕಂಡಿ, ಸುತ್ತ ಒಂದು ಚರಂಡಿ ಮಾಡಿಸುವುದು ಚಿಕ್ಕ ಬೆಳೆಗಾರನ ಕೈಗೂ ಎಟಕುವ ಕೆಲಸ. ಕಾಯಿಲೆಯಿಂದ ತಪ್ಪುವ ಆಳಿನ ದಿನಗಳನ್ನು ಲೆಕ್ಕ ಹಾಕಿದರೆ ಇದು ನಷ್ಟದ ಬಾಬೂ ಅಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದು ಗೊಬ್ಬರದ ಕೆಲಸ ಆರಂಭವಾಗುವ ಮುನ್ನ ಒಂದು ದಿನವನ್ನು ಇದಕ್ಕೆಂದು ಮೀಸಲಿಡಿ. ಮನೆಯನ್ನೂ ಲೈನನ್ನೂ ಒಂದು ಸುತ್ತು ನೋಡಿ ಬನ್ನಿ. ಎಲ್ಲಿ ಕಪ್ಪು ಕಲೆಯಿದೆ, ಎಲ್ಲಿ ಹೊಗೆ ನಿಲ್ಲುತ್ತದೆ, ಎಲ್ಲಿ ಗಾಳಿಕಂಡಿಗೆ ಗೋಣಿ ತುರುಕಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಗೋಣಿ ತುರುಕಿದವರನ್ನು ಗದರಬೇಡಿ, ಅವರಿಗೆ ಚಳಿಯಾಗಿದೆ ಎಂದು ತಿಳಿಯಿರಿ. ಚಳಿಗೆ ಹೊದಿಕೆ ಕೊಟ್ಟ ಮೇಲೆ ಗೋಣಿಯನ್ನು ತೆಗೆಸಿ.